ಹಲಗೆಯ ಮೇಲಿನ ಮೂರನೇ ಹೆಸರು

ಥಾರ್ಪ್‌ಬಿ, ಲಿಂಕನ್‌ಶೈರ್
ಜೂನ್ 10, ಸೋಮವಾರ

ಪ್ರೀತಿಯ ಅಪ್ಪನಿಗೆ,

ಆಪರೇಷನ್ ಆದ ಹೊಸ ಸೊಂಟ ಹೇಗಿದೆ? ಅತ್ತೆ ಫೋನಿನಲ್ಲಿ ಹೇಳುವುದನ್ನು ನಂಬಿದರೆ ನೀವು ಮೆಟ್ಟಿಲು ಹತ್ತುತ್ತಿದ್ದೀರಿ, ಅವರ ಮೇಲೆ ರೇಗುತ್ತಲೂ ಇದ್ದೀರಿ, ಅಂದರೆ ಗುಣವಾಗುತ್ತಿದೆ. ಮಾತ್ರೆ ತಪ್ಪಿಸಬೇಡಿ, ಬೇಕಾದರೆ ಅತ್ತೆಯ ಮೀನಿನ ಸೂಪು ತಪ್ಪಿಸಿ.

ಇಲ್ಲಿಯ ಸುದ್ದಿ ಎಂದರೆ ಹಬ್ತೊಮ್‌ನದೇ. ಅವನನ್ನೂ ಹೆಂಡತಿ ಲೆತಾಯ್‌ಳನ್ನೂ ಮಗುವನ್ನೂ ವಿಮಾನ ನಿಲ್ದಾಣದ ಪಕ್ಕದ ಬಂಧನ ಕೇಂದ್ರದಲ್ಲಿಟ್ಟು ಇವತ್ತಿಗೆ ಹತ್ತೊಂಬತ್ತು ದಿನ. ಎರಿಟ್ರಿಯಾದಿಂದ ಓಡಿಬಂದವರನ್ನು ಅಲ್ಲಿಗೇ ಅಟ್ಟುತ್ತಾರಂತೆ. ಊರು ಸುಮ್ಮನೆ ಕೂತಿಲ್ಲ. ಮಾಂಸದಂಗಡಿಯ ಡೆನ್ಝಿಲ್ ಕಿಟಕಿಯಿಂದ ಸಾಸೇಜಿನ ಪಟ್ಟಿ ತೆಗೆದು ‘ಬೀಗ ತೆಗೆಯಿರಿ, ಬೇಗ ತೆಗೆಯಿರಿ’ ಎಂದು ಬರೆದು ಹಾಕಿದ್ದಾನೆ. ಪ್ರಾಸ ನನ್ನದು, ಕೆಟ್ಟ ಅಕ್ಷರ ಅವನದು. ಶನಿವಾರ ಬಸ್ಸು ಮಾಡಿಕೊಂಡು ಆ ಗೇಟಿಗೆ ಹೋದೆವು. ನಿಂತೆವು, ಕೂತೆವು, ಹಾಡಿದೆವು, ಕೇಕು ತಿಂದೆವು. ಕಾವಲುಗಾರನೂ ಎರಡು ತುಂಡು ತಿಂದ. ಭಾನುವಾರ ಚರ್ಚಿನ ಆರು ಗಂಟೆಗಳಲ್ಲಿ ಐದನ್ನೇ ಬಾರಿಸುತ್ತೇವೆ. ಹಬ್ತೊಮ್ ಎಳೆಯುತ್ತಿದ್ದ ಮೂರನೆಯದರ ಸರದಿ ಬಂದಾಗ ಅಷ್ಟು ಹೊತ್ತು ಮೌನ. ಗಂಟೆಯ ಸದ್ದಿನ ಮೇಲೆ ಹನ್ನೆರಡು ವರ್ಷ ದೂರು ಬರೆದ ಮಿಸೆಸ್ ಗ್ರಿಂಬಲ್ ಮೊನ್ನೆ ನನ್ನನ್ನು ತಡೆದು, "ಏನಮ್ಮ, ಮೊದ್ಲು ಬಾರಿಸಿ ಪ್ರಾಣ ತೆಗೀತಿದ್ರಿ, ಈಗ ಒಂದು ಬಿಟ್ಟು ಬಾರಿಸಿ ತೆಗೀತಿದೀರಿ. ಅವನನ್ನ ಬೇಗ ಕರ್ಕೊಂಡು ಬನ್ನಿ" ಎಂದರು. ಬಿಡುಗಡೆಯ ಮನವಿಗೆ ಸಹಿಯನ್ನೂ ಹಾಕಿದರು, ಬಹುಶಃ ದೂರಿನ ಪೆನ್ನಿನಿಂದಲೇ.

ಮುಂದಿನ ಮಂಗಳವಾರ ಜಾಮೀನಿನ ವಿಚಾರಣೆ. ತೊಡಕು ಒಂದೇ. ಮಾರ್ಚ್ ಒಂಬತ್ತರ ಶನಿವಾರ ಅಧಿಕಾರಿಗಳು ಬಂದಾಗ ಅವರ ಮನೆಯ ಬಾಗಿಲು ಹಾಕಿತ್ತು. ಆಗಲೇ ಓಡಿದ್ದ, ಬಿಟ್ಟರೆ ಮತ್ತೆ ಓಡುತ್ತಾನೆ ಎನ್ನುತ್ತಾರೆ. ಆ ದಿನ ಅವನು ನಮ್ಮ ಗೋಪುರದಲ್ಲಿ ಮೂರು ತಾಸು ನಿಲ್ಲಿಸದೆ ಹಗ್ಗ ಎಳೆದ, ಹೆಂಡತಿ ಮಗಳು ಕೆಳಗಿನ ಬೆಂಚಿನಲ್ಲಿದ್ದರು ಎಂದು ಅವನ ಜೊತೆ ಬಾರಿಸಿದ ನಾವು ಐವರೂ ಬರೆದುಕೊಟ್ಟೆವು. ಸರ್ಕಾರದ ವಕೀಲ, ಇಂಥ ದಿನ ಯಾವ ಗಂಟೆ ಯಾರು ಬಾರಿಸಿದರು ಎಂದು ಬರೆಸುವ ಚರ್ಚಿನ ಗೋಡೆಯ ಹಲಗೆಯ ಫೋಟೊ ಕಳಿಸಿದ್ದಾನೆ. ಆ ದಿನಾಂಕದ ಕೆಳಗೆ, ಚಿನ್ನದಕ್ಷರದಲ್ಲಿ, ಮೂರನೇ ಗಂಟೆಯ ಮುಂದೆ ನಿಮ್ಮ ಹೆಸರು: ವಿಲ್ಫ್ರೆಡ್ ಪಾಸ್ಕ್. ಈಗ ಐವರೂ ಸುಳ್ಳರು. ನಿನ್ನೆ ಹಬ್ತೊಮ್ ಫೋನ್ ಮಾಡಿದ್ದ. ಹಲಗೆಯ ಮಾತು ಎತ್ತಲಿಲ್ಲ. "ಕ್ಯಾಪ್ಟನ್ ಕೋಲಿಲ್ದೆ ನಡೀತಿದಾರಾ?" ಎಂದು ನಿಮ್ಮನ್ನಷ್ಟೇ ವಿಚಾರಿಸಿದ.

ಅತ್ತೆಗೆ ನನ್ನ ನೆನಪು ಹೇಳಿ. ಅವರ ಬೆಕ್ಕಿಗೆ ನಿಮ್ಮನ್ನು ಸಹಿಸಿಕೊಳ್ಳುವ ಶಕ್ತಿ ಸಿಗಲಿ.

ನಿಮ್ಮ ಮಗಳು,
ಹೀದರ್

ತಾ.ಕ.: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಆ ದಿನ ನೀವು ನೋವಿನಿಂದ ಕುರ್ಚಿಯಲ್ಲಿ ಕೂತಿದ್ದಿರಿ. ಗಂಟೆ ಹಿಡಿದ ಐವತ್ತನೇ ವರ್ಷ, ಹೆಸರಿಲ್ಲದೆ ಹೇಗೆ ಎಂದು ಹಬ್ತೊಮ್ ಜಾಗದಲ್ಲಿ ನಿಮ್ಮದನ್ನು ಬರೆಸಿಬಿಟ್ಟಿರಿ. ಅವನು ನಕ್ಕು ಸುಮ್ಮನಾದ. ನಾವು ನಗದೆ ಸುಮ್ಮನಾದೆವು. ನಿಜ ಹೊರಬಿದ್ದರೆ ಗಂಟೆ ಬಾರಿಸುವವರ ಸಂಘ ನಿಮ್ಮ ಹೆಸರನ್ನು ಎಲ್ಲ ಹಲಗೆಗಳಿಂದಲೂ ಅಳಿಸೀತು, ಗೊತ್ತು. ಜೊತೆಗೆ ಅಂಚೆಚೀಟಿ ಹಚ್ಚಿದ ಲಕೋಟೆ ಇದೆ, ನಮ್ಮ ವಕೀಲರ ವಿಳಾಸದ್ದು, ಶುಕ್ರವಾರದೊಳಗೆ ತಲುಪಬೇಕು. ಬರದಿದ್ದರೆ ಮಂಗಳವಾರ ಸಾಕ್ಷಿ ಹೇಳಲು ನಾನೇ ನಿಲ್ಲುತ್ತೇನೆ. ನಮ್ಮಪ್ಪ ಸುಳ್ಳು ಬರೆಸಿದರು ಎಂದು ನನ್ನ ಬಾಯಲ್ಲಿ ಹೇಳಿಸಬೇಡಿ ಅಪ್ಪ. ನೀವೇ ಬರೆದುಬಿಡಿ.