ಮೂಲೆ ಕತ್ತರಿಸಿದ ಘನ

ನವೆಂಬರ್ 10, ಸೋಮವಾರ
ಮುದ್ದೇಬಿಹಾಳದಿಂದ ಎಂಟರ ಬಸ್ಸು. ನಾಲತವಾಡದವರೆಗೂ ನಿಂತೇ ಬಂದೆ. ಶಾಲೆಯ ಲ್ಯಾಬ್ ತೆರೆದರೆ ನನ್ನ ನಕ್ಷೆಯ ಮೇಲೆ ಯಾರೋ ಕೈಯಾಡಿಸಿದ್ದಾರೆ. ಸಿಂದಗಿಯ ಸ್ಪರ್ಧೆಗೆ ಮಾಡುತ್ತಿರುವ ಮಾದರಿ ಅದು — ಮೂವತ್ತು ಸೆಂಟಿಮೀಟರಿನ ಥರ್ಮೋಕೋಲ್ ಘನ. ಎಂಟೂ ಮೂಲೆ ಕತ್ತರಿಸಬೇಕು. ಅಂಚಿನ ಮೂರನೇ ಒಂದು ಭಾಗಕ್ಕೆ, ಅಂದರೆ ಹತ್ತಕ್ಕೆ, ಗುರುತು ಹಾಕಿದ್ದೆ. ಆಗ ಆರು ಮುಖಗಳೂ ಬಾಹುಗಳೆಲ್ಲ ಸಮವಿರುವ ಅಷ್ಟಭುಜ. ಹದಿನಾರು ವರ್ಷದಿಂದ ಹಾಗೇ ಕಲಿಸಿದ್ದೇನೆ. ಈಗ ಪ್ರತಿ ಹತ್ತರ ಪಕ್ಕ ಪೆನ್ಸಿಲಿನಲ್ಲಿ 8.8.
ಲ್ಯಾಬಿನ ಕೀಲಿ ಇರುವುದು ಇಬ್ಬರ ಹತ್ತಿರ. ನಾನು. ಮತ್ತೆ ಜೂನ್‌ನಲ್ಲಿ ಬಂದ ಮೆಹರುನ್ನಿಸಾ ಮೇಡಂ. ಅವರದೂ ಗಣಿತವೇ.

ನವೆಂಬರ್ 11
ಕೇಳಲಿಲ್ಲ. ಮೇಡಂ ಅವರನ್ನು ಸುಮ್ಮನೆ ನೋಡಿದೆ. ಊಟದ ಹೊತ್ತಿಗೆ ತಾವೇ ಬಂದು ಮಾದರಿ ಎಲ್ಲಿಗೆ ಬಂತೆಂದು ವಿಚಾರಿಸಿದರು. ಹೋದ ವಾರ ಸ್ಪರ್ಧೆಯ ನಿಯಮ ಕೇಳಿದ್ದರು. ಯಾಕೆ? ಇನ್ನೇನೋ ಹೇಳಲು ಬಾಯಿ ತೆರೆದರು. ಬೆಲ್ ಆಯಿತೆಂದು ಎದ್ದುಬಿಟ್ಟೆ. ಆಗಿರಲಿಲ್ಲ.
8.8 ಎಲ್ಲ ಅಳಿಸಿದೆ.

ನವೆಂಬರ್ 13
ಯಾರೋ ನನ್ನ ಮಾದರಿ ಕೆಡಿಸಲು ನೋಡುತ್ತಿದ್ದಾರೆಂದು ಹೆಡ್ ಮಾಸ್ತರ್ ಶ್ರೀಶೈಲಪ್ಪನವರ ಕಿವಿಗೆ ಹಾಕಿದೆ. ಹೆಸರು ಹೇಳಲಿಲ್ಲ. ಅವರೇ ಹೇಳುವ ಹಾಗೆ ಮಾತಾಡಿದೆ. ಸಂಜೆಯೊಳಗೆ ಮೇಡಂ ಕೀಲಿ ಒಪ್ಪಿಸಿದರಂತೆ. ಯಾಕೆಂದು ಕೇಳಲೇ ಇಲ್ಲವಂತೆ. ತಪ್ಪಿಲ್ಲದವರು ಕೇಳುವುದಿಲ್ಲವೇ?

ನವೆಂಬರ್ 15
ಬಿಸಿ ತಂತಿಯಲ್ಲಿ ಮೂಲೆಗಳನ್ನೆಲ್ಲ ಕತ್ತರಿಸಿದೆ. ಕೆಲವು ಬಾಹು ಉದ್ದ ಕಾಣುತ್ತವೆ. ತಂತಿ ವಾಲಿರಬೇಕು. ಅಥವಾ ತಂತಿಗೂ ಯಾರಾದರೂ...

ನವೆಂಬರ್ 24
ಶನಿವಾರ ಸಿಂದಗಿಯಲ್ಲಿ ಮೊದಲ ಬಹುಮಾನ. ತೀರ್ಪುಗಾರರು ಎರಡು ನಿಮಿಷ ನಿಂತಿರಬಹುದು. ಇವತ್ತು ಪ್ರಾರ್ಥನೆಯಲ್ಲಿ ನನಗೆ ಶಾಲು. ಮೇಡಂ ಚಪ್ಪಾಳೆ ತಟ್ಟಿದರು. ಘನವನ್ನೇ ನೋಡುತ್ತಿದ್ದರು, ನನ್ನನ್ನಲ್ಲ.

ನವೆಂಬರ್ 30, ಭಾನುವಾರ
ಮಾದರಿ ಮನೆಗೆ ತಂದಿದ್ದೆ. ಅಂಚಿಗೆಲ್ಲ ಜರಿ ಲೇಸು ಅಂಟಿಸುತ್ತೇನೆಂದು ನನ್ನ ಹೆಂಡತಿ ದಾನೇಶ್ವರಿ ಹತ್ತು ಸೆಂಟಿಮೀಟರಿನ ಮೂವತ್ತಾರು ತುಂಡು ಮಾಡಿಟ್ಟಳು. ಹನ್ನೆರಡು ಸರಿಯಾಗಿ ಕೂತವು.
"ಎಲ್ಲಾ ಅಂಚು ಸಮ ಅಂದಿದ್ರಲ್ಲಾ. ಇಪ್ಪತ್ನಾಕು ತುಂಡು ಸಾಲಾಕತ್ತಿಲ್ಲ ನೋಡ್ರಿ."
ಅವಳ ಟೇಪಿನಲ್ಲೇ ಅಳೆದೆ. ಹತ್ತು. ಹದಿನಾಲ್ಕು. ತಂತಿ ವಾಲಿದ್ದಲ್ಲ — ಇಪ್ಪತ್ನಾಲ್ಕೂ ಹದಿನಾಲ್ಕೇ. ಹತ್ತು ಹತ್ತು ಕತ್ತರಿಸಿದರೆ ಓರೆ ಬಾಹು ಹತ್ತು ಇರುತ್ತದೆಯೇ? ಕರ್ಣ ಅದು! ಕಾಗದ ತಗೊಂಡೆ. ಎಲ್ಲ ಬಾಹು ಸಮ ಆಗಬೇಕಾದರೆ ಎಷ್ಟು ಕತ್ತರಿಸಬೇಕು? 8.79.
ಕಾಗದ ಮುಚ್ಚಿಟ್ಟೆ. ಮತ್ತೆ ಮಾಡಿದೆ. ಅದೇ.

ಡಿಸೆಂಬರ್ 1
ಮೇಡಂ ಮುಂದೆ ಹೋಗಿ ನಿಂತೆ. ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಎಂದೆ. ತಪ್ಪು ಅವರದೇ ಎಂಬಂತೆ.
"ಹುಡುಗರ ಮುಂದ ಬ್ಯಾಡ ಅನಿಸ್ತ್ರಿ ಸರ್. ಹೇಳಾಕ ಬಂದೆ, ನೀವು ಎದ್ದು ಹೋದ್ರಿ."
ಕೀಲಿ ಕೇಳಿದಾಗ ಯಾಕೆ ಸುಮ್ಮನಿದ್ದಿರಿ?
"ಯಾರು ಹೇಳ್ಯಾರ ಅಂತ ಗೊತ್ತಿತ್ತು. ಕೇಳಿ ಏನ್ ಮಾಡೂದ್ರಿ?"
ಅವರ ಪ್ರೊಬೇಷನ್ ವರದಿ ಈ ವಾರ ಹೋಗುತ್ತದೆ. 'ನಂಬಿಕೆಗೆ ಅರ್ಹರಲ್ಲ' ಎಂದು ಬರೆದಾಗಿದೆ ಎಂದರು ಹೆಡ್ ಮಾಸ್ತರ್. ನನ್ನ ಮಾತಿನ ಮೇಲೆ. ತಪ್ಪು ನನ್ನದು, ಅದನ್ನು ತೆಗೆಯಿರಿ ಎಂದೆ. ಬಹುಮಾನ ಬಂದಮೇಲೆ ಯಾಕೆ ಕೆದಕುತ್ತೀರಿ ಎಂದು ಎದ್ದರು.

ಡಿಸೆಂಬರ್ 2
ಹೆಡ್ ಮಾಸ್ತರಿಗೆ ಲಿಖಿತವಾಗಿ ಕೊಟ್ಟೆ. ನಕಲಿನ ಮೇಲೆ ಸಹಿ ಹಾಕುವವರೆಗೂ ಅವರ ಕೋಣೆ ಬಿಡಲಿಲ್ಲ. ವರದಿಯ ಆ ಸಾಲು ಹೊಡೆದುಹಾಕಿದರು, ಮುಖ ಗಂಟಿಕ್ಕಿಕೊಂಡೇ.
ಆಮೇಲೆ ಹತ್ತನೇ ಕ್ಲಾಸು. ಘನ ಮೇಜಿನ ಮೇಲಿಟ್ಟು ಹೇಳಿದೆ: ಇದು ತಪ್ಪು. ಮುಂದಿನ ಬೆಂಚಿನ ಶಿವಾನಿ ಎದ್ದು ನಿಂತಳು. "ಹಂಗಾದ್ರ ನಮ್ಮಕ್ಕಗ ಕಲಿಸಿದ್ದೂ ತಪ್ಪೇನ್ರಿ ಸರ್?"
ಹೌದು ಎಂದೆ.
ಮೇಡಂ ವರಾಂಡದಲ್ಲಿ ಹೋಗುತ್ತಿದ್ದರು. ಒಳಗೆ ಕರೆದೆ. ಸರಿಯಾದ ಲೆಕ್ಕ ನೀವೇ ತೋರಿಸಿ ಎಂದು ಚಾಕ್‌ಪೀಸ್ ಚಾಚಿದೆ. ತಗೊಳ್ಳಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಕೈ ನೋಡಿದರು, ಮುಖ ನೋಡಿದರು — ಇದರ ಹಿಂದೇನಿದೆ ಎಂದು ಹುಡುಕುವ ಹಾಗೆ. ಇಷ್ಟು ದಿನ ನಾನು ಅವರನ್ನು ನೋಡಿದ್ದೂ ಹೀಗೇ. ನಾನು ಕೈ ಚಾಚಿಕೊಂಡೇ ನಿಂತಿದ್ದೆ.