ಆಡಿದ ಬಾಯೇ ಇಳಿಸಬೇಕು

ಜೂನ್ 3, ಮಂಗಳವಾರ. ಮಧ್ಯಾಹ್ನ, ಡ್ಯೂಟಿ ರೂಮು

ರೌಂಡ್ಸ್ ಮುಗಿಯಿತು. ಹೆರಿಗೆ ವಾರ್ಡು ಭರ್ತಿ. ಟೀ ಆರಿಹೋಗಿದೆ, ನನ್ನ ಕೋಪ ಆರಿಲ್ಲ.

ಕಿಟಕಿ ಪಕ್ಕದ ಬೆಡ್ಡಿನ ಧನಶ್ರೀ. ನಂಗಲಿಯ ಹುಡುಗಿ, ಚೊಚ್ಚಲ ಬಾಣಂತಿ. ಬಿಪಿ ಜಾಸ್ತಿ ಅಂತ ಮುಳಬಾಗಿಲಿನಿಂದ ಕೋಲಾರಕ್ಕೆ, ನಮ್ಮಲ್ಲಿಗೆ ಕಳಿಸಿದ್ದರು. ಭಾನುವಾರ ಹೆರಿಗೆ ಸಲೀಸಾಗಿ ಆಯಿತು, ಗಂಡು ಮಗು. ಆದರೆ ಬಿಪಿ ಇಳಿಯುತ್ತಿಲ್ಲ. ಇಷ್ಟು ಮಾತ್ರೆ ಕೊಟ್ಟರೂ ಯಾಕೆ ಹೀಗೆ ಅಂತ ಡಾಕ್ಟರ್ ಶೋಭಾರಾಣಿ ತಲೆ ಕೆಡಿಸಿಕೊಂಡಿದ್ದರು. ಇವತ್ತು ಬೆಡ್‌ಶೀಟ್ ಬದಲಾಯಿಸುವಾಗ ಗೊತ್ತಾಯಿತು. ಮಾತ್ರೆಗಳೆಲ್ಲ ಹಾಸಿಗೆ ಕೆಳಗೇ ಇವೆ! ಒಂದೂ ಹೊಟ್ಟೆಗೆ ಹೋಗಿಲ್ಲ.

ಅತ್ತೆ ಮುತ್ಯಾಲಮ್ಮನ ಕೆಲಸ. "ಪಾಲು ಎಂಡಿಪೋತಾಯಿ ಸಿಸ್ಟರಮ್ಮಾ" ಅಂದಳು. ಹಾಲು ಬತ್ತಿ ಹೋಗುತ್ತಂತೆ! ನುಂಗುವ ತನಕ ನಿಂತು ನೋಡು ಅಂತ ಜೂನಿಯರ್ ನರ್ಸ್ ಸುನಂದಳಿಗೆ ಎಷ್ಟು ಸಲ ಹೇಳಿಲ್ಲ ನಾನು. ಕೈಗೆ ಕೊಟ್ಟು ಹೋಗಿಬಿಡುತ್ತಾಳೆ.

ಬಾಯಿ ಬಿಟ್ಟೆ. ಇಡೀ ವಾರ್ಡಿಗೆ ಕೇಳುವ ಹಾಗೆ. "ಏನಮ್ಮಾ, ಸೊಸೇನ ಸಾಯಿಸಬೇಕು ಅಂತಿದ್ದೀಯಾ? ಈ ಮಗೂನ ತಬ್ಬಲಿ ಮಾಡ್ತೀಯಾ?"

ಹೆರಿಗೆ ವಾರ್ಡಿನಲ್ಲಿ ಆ ಮಾತು ಆಡಬಾರದು. ಹೊಸ ಹುಡುಗಿಯರು ಡ್ಯೂಟಿಗೆ ಬಂದ ದಿನವೇ ಹೇಳಿಕೊಡುವವಳು ನಾನೇ — ಇಲ್ಲಿ ಸಾವು ಅನ್ನಬೇಡಿ, ಸೀರಿಯಸ್ ಅಂತಲೂ ಅನ್ನಬೇಡಿ, ಹಸುಗೂಸಿನ ಮುಂದೆ ಬಿದ್ದ ಕೆಟ್ಟ ಮಾತನ್ನು ಈ ಕಡೆ ಜನ ಮರೆಯುವುದಿಲ್ಲ ಅಂತ. ಆ ನಾನೇ ಅಂದೆ. ಮುತ್ಯಾಲಮ್ಮ ಸೆರಗಿನಿಂದ ಮಗುವಿನ ಕಿವಿ ಮುಚ್ಚಿದಳು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಸಿಸ್ಟರ್" ಅಂದಳು ಸುನಂದ. ಮಾಡಿದ್ದು ಇವಳು, ಗಾದೆ ನನಗೆ!

ನಾನಂದಿದ್ದರಲ್ಲಿ ಸುಳ್ಳೇನಿದೆ. ನಾಳೆಯಿಂದ ನನ್ನ ಕೈಯಾರೆ ನುಂಗಿಸುತ್ತೇನೆ.

ಜೂನ್ 4, ಬುಧವಾರ. ಬೆಳಿಗ್ಗೆ

ಬೆಡ್ ಖಾಲಿ.

ಬೆಳಗಾಗುತ್ತಲೇ ಮುತ್ಯಾಲಮ್ಮ ಗಾಡಿ ತರಿಸಿ ಸೊಸೆ, ಮಗು ಇಬ್ಬರನ್ನೂ ಕರೆದುಕೊಂಡು ಹೋಗಿದ್ದಾಳೆ. ನಮ್ಮ ಜವಾಬ್ದಾರಿ ಅಂತ ಹೆಬ್ಬೆಟ್ಟು ಒತ್ತಿ. ಡ್ಯೂಟಿ ಡಾಕ್ಟರು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. "ಆ ಸಿಸ್ಟರಮ್ಮ ಬಾಯಲ್ಲಿ ಬಂದ ಮೇಲೆ ಈ ಮಂಚದ ಮೇಲೆ ಒಂದು ಗಳಿಗೆ ಇರಲ್ಲ" ಅಂದಳಂತೆ. ಮಾತ್ರೆಯ ಚೀಟಿ ಕಿಟಕಿಯ ಮೇಲೇ ಬಿಟ್ಟು ಹೋಗಿದ್ದಾರೆ.

ಇನ್ನೇನು ಬರೆಯಲಿ.

ಜೂನ್ 5, ಗುರುವಾರ. ಸಂಜೆ, ಮನೆ

ನಾಲ್ಕು ಸಲ ಫೋನ್ ಮಾಡಿದ ಮೇಲೆ ಧನಶ್ರೀಯ ಗಂಡ ಕದಿರೇಶ್ ಸಿಕ್ಕಿದ. ಲಾರಿ ಓಡಿಸುತ್ತಾನೆ, ಲೋಡ್ ಹಾಕಿಕೊಂಡು ಎಲ್ಲೋ ತಮಿಳುನಾಡಿನಲ್ಲಿದ್ದಾನೆ.

"ಅಮ್ಮ ನಿಮ್ ಹೆಸ್ರು ಎತ್ತಿದ್ರೆ ಉರಿದು ಬೀಳ್ತವ್ಳೆ ಸಿಸ್ಟರ್. ತಲೆನೋವು ಅಂತಿದ್ಲು ಧನ. ಬಾಣಂತಿ ಶೀತ ಅಂತ ಓಮದ ಪಟ್ಟು ಹಾಕವ್ಳೆ ಅಮ್ಮ."

"ಅದು ಶೀತ ಅಲ್ಲ ಕಣಪ್ಪಾ, ಬಿಪಿ! ಫಿಟ್ಸ್ ಬರಬಹುದು. ಇವತ್ತೇ ಕರ್ಕೊಂಡು ಬರೋಕೆ ಹೇಳು."

"ನಾನ್ ಬಂದ್ ಮೇಲೆ ನೋಡೋಣ ಸಿಸ್ಟರ್."

ನಂಗಲಿಯ ಆಶಾ ಕಾರ್ಯಕರ್ತೆಗೂ ಹೇಳಿಸಿದೆ. ಅವಳನ್ನೂ ಬಾಗಿಲಿನಿಂದಲೇ ಕಳಿಸಿದಳಂತೆ ಮುತ್ಯಾಲಮ್ಮ.

ಲತೀಫ್ ಅಂಗಡಿಯಿಂದ ಬಂದರು, ಮೀಸೆ ತುಂಬ ಹತ್ತಿ. ಹಾಸಿಗೆ ಹೊಲಿಯುವವರ ಹೆಂಡತಿ ಆಗಿಯೂ ನೆಮ್ಮದಿಯಾಗಿ ನಿದ್ದೆ ಮಾಡಿದ್ದೇ ಇಲ್ಲ ನಾನು. ಎಲ್ಲ ಕೇಳಿ ಅಂದರು, "ಛೋಡ್ ದೇ ನೂರ್, ಬಿಟ್ಟುಬಿಡು. ಆಗಸ್ಟ್‌ಗೆ ರಿಟೈರ್ ಆಗ್ತೀಯಾ. ಅವರೇ ಹೆಬ್ಬೆಟ್ಟು ಒತ್ತಿ ಹೋಗಿದ್ದಾರೆ, ನಿನ್ನ ಮೇಲೆ ಏನೂ ಬರಲ್ಲ."

ನನ್ನ ಮೇಲೆ ಏನೂ ಬರಲ್ಲ. ಅದು ನನಗೂ ಗೊತ್ತು. ಬಂದರೆ ಬರುವುದು ಆ ಹುಡುಗಿಯ ಮೇಲೆ.

ಜೂನ್ 7, ಶನಿವಾರ. ಬಕ್ರೀದ್. ಬೆಳಿಗ್ಗೆ

ಲತೀಫ್ ಈದ್ಗಾದಿಂದ ಬಂದರು. ಶ್ರೀನಿವಾಸಪುರದಿಂದ ಮಗಳು ಮಿಸ್ಬಾ, ಅಳಿಯ ಮಾವಿನಹಣ್ಣಿನ ಬುಟ್ಟಿಯ ಸಮೇತ ಬಂದಿಳಿದಿದ್ದಾರೆ. ಬಿರಿಯಾನಿಯ ದೇಗಚಿ ಒಲೆಯ ಮೇಲೆ.

ಗೊತ್ತಿಲ್ಲದ ನಂಬರಿನಿಂದ ಫೋನ್. ಧನಶ್ರೀ. ಪಕ್ಕದ ಮನೆಯವರ ಫೋನು, ಪಿಸುದನಿ. "ಸಿಸ್ಟರ್... ಕಣ್ ಮುಂದೆ ಮಿಣಮಿಣ ಅಂತದೆ. ಮಗು ಮುಖ ಸರಿಯಾಗ್ ಕಾಣಿಸ್ತಿಲ್ಲ. ಅತ್ತೆಗೆ ಹೇಳ್ಬೇಡಿ..."

ಕಣ್ಣು ಮಿಣಮಿಣ. ಅಂದರೆ ಹೊತ್ತಿಲ್ಲ.

"ಬಿರಿಯಾನಿ ನೀನು ನೋಡ್ಕೋ" ಅಂದೆ ಮಿಸ್ಬಾಗೆ. ಲತೀಫ್ ನನ್ನ ಮುಖ ನೋಡಿದರು. ಸ್ಕೂಟರ್ ಕೀ ತೆಗೆದುಕೊಂಡರು. ಬಿಪಿ ಮೆಷಿನ್, ಮಾತ್ರೆ ಚೀಲಕ್ಕೆ ಹಾಕಿಕೊಂಡು ಹೊರಟೆವು.

ಅದೇ ದಿನ. ಸಂಜೆ, ಆಸ್ಪತ್ರೆ

ಕೈ ಇನ್ನೂ ಮೆಣಸಿನಕಾಯಿ ಉರಿ. ಎಲ್ಲ ಬರೆದಿಡುತ್ತೇನೆ.

ನಂಗಲಿ ಹೈವೇ ಪಕ್ಕ ಮುತ್ಯಾಲಮ್ಮನ ಇಡ್ಲಿ ಅಂಗಡಿ. ಲಾರಿಯವರೇ ಗಿರಾಕಿಗಳು. ಹಿಂದುಗಡೆ ಮನೆ, ಬಾಗಿಲಿಗೆ ಬೇವಿನ ಸೊಪ್ಪು. ಬಾಗಿಲಿಗೆ ಅಡ್ಡ ಮುತ್ಯಾಲಮ್ಮ.

"ಲೋಪಲಿಕಿ ರಾವದ್ದು. ಒಳಗೆ ಬರಬೇಡ. ನಾ ಕೋಡಲ್ನಿ ನೇನು ಚಂಪುತಾನಾ? ನನ್ನ ಸೊಸೇನ ನಾನು ಸಾಯಿಸ್ತೀನಾ? ಅಷ್ಟು ಜನದ ಮುಂದೆ ಅಂದ್ಯಲ್ಲ, ಮಗೂ ಮುಂದೆ ಅಂದ್ಯಲ್ಲ!"

ಅವಳ ಹೆಗಲ ಮೇಲಿಂದ ಒಳಗೆ ಕಾಣುತ್ತಿತ್ತು. ಕಿವಿಗೆ ಬಟ್ಟೆ ಕಟ್ಟಿಕೊಂಡು ಧನಶ್ರೀ ಗೋಡೆಗೆ ಒರಗಿ ಕೂತಿದ್ದಾಳೆ. ಮುಖ ಊದಿ ಕಣ್ಣು ಸಣ್ಣಗಾಗಿದೆ. ನಾನು ಬಂದಿದ್ದು ಅವಳಿಗೆ ಕಾಣಲೇ ಇಲ್ಲ.

ಪೊಲೀಸರನ್ನು ಕರೆಸ್ತೀನಿ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಈ ಬಾಯಿಂದಲೇ ತಾನೇ ಅವಳು ಇಲ್ಲಿ ಬಂದು ಬಿದ್ದಿರುವುದು. ಮೆಟ್ಟಿಲ ಮೇಲೆ ಕೂತುಬಿಟ್ಟೆ. "ತಪ್ಪಾಯ್ತು ಅಕ್ಕಾ. ಆ ಮಾತು ನಾನು ಅನ್ನಬಾರದಿತ್ತು. ಹೊಟ್ಟೆಗೆ ಹಾಕ್ಕೋ."

"ತಪ್ಪಾಯ್ತು ಅಂದ್ರೆ ಆಡಿದ ಮಾತು ವಾಪಸ್ ಬರ್ತದಾ? ಅವತ್ತಿಂದಾನೇ ಇವಳಿಗೆ ತಲೆನೋವು. ನಿನ್ನ ಬಾಯಿ ತಾಕಿದೆ." ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಆಗ ಗೊತ್ತಾಯಿತು, ಇವಳಿಗೆ ಸಿಟ್ಟಲ್ಲ, ಭಯ. "ನಾವು ಎಷ್ಟು ಇಳಿ ತೆಗೆದ್ರೂ ಹೋಗ್ತಿಲ್ಲ. ಆಡಿದ ಬಾಯೇ ಇಳಿಸಬೇಕು."

ನಾನು. ದೃಷ್ಟಿ ತೆಗೆಯಬೇಕು. ಮೂವತ್ತೈದು ವರ್ಷ ಇಂಥದ್ದನ್ನೆಲ್ಲ ಬೈದುಕೊಂಡೇ ಬಂದವಳು! ಬಾಣಂತಿಯರ ತಲೆಯ ಮೇಲಿನ ನಿಂಬೆಹಣ್ಣು ಕಿತ್ತು ಎಸೆದವಳು. ನಮ್ಮಲ್ಲೂ ಇದೆ, ನಜರ್ ಅಂತ ಅಮ್ಮೀ ಉಪ್ಪು ಮೆಣಸಿನಕಾಯಿ ಇಳಿಸುತ್ತಿದ್ದಳು. ನರ್ಸಿಂಗ್ ಸೇರಿದ ಮೇಲೆ ಅವಳ ಕೈಯನ್ನೂ ತಡೆದಿದ್ದೆ.

"ತಗೊಂಡು ಬಾ" ಅಂದೆ. "ಆದ್ರೆ ಒಂದು ಮಾತು. ನಾನು ಇಳಿಸಿದ ಮೇಲೆ ಇವಳು ನನ್ನ ಜೊತೆ ಗಾಡಿ ಹತ್ತಬೇಕು. ಒಪ್ಪಿಗೆನಾ?"

ಅಷ್ಟು ಹೊತ್ತಿಗೆ ಲತೀಫ್ ಅಂಗಡಿಯ ಮುಂದೆ ನಿಂತು 108ಕ್ಕೆ ಫೋನ್ ಮಾಡುತ್ತಿದ್ದರು. ಹೇಳಿಸಿಕೊಳ್ಳದೆ.

ಮುತ್ಯಾಲಮ್ಮ ಯೋಚಿಸಿದಳು. ಹೂಂ ಅಂತ ತಲೆ ಆಡಿಸಿದಳು.

ಕಾಲು ತೊಳೆದುಕೊಂಡು ಒಳಗೆ ಹೋದೆ. ಮೊದಲು ಬಿಪಿ ನೋಡಿದೆ, ಮೇಲಿನದು ನೂರ ಎಂಬತ್ತು ದಾಟಿತ್ತು. ಡಾಕ್ಟರ್ ಮೇಡಂಗೆ ಫೋನ್ ಮಾಡಿ ಕೇಳಿ ಒಂದು ಮಾತ್ರೆ ನುಂಗಿಸಿದೆ, ಬಾಯಿ ತೆರೆಸಿ ನೋಡಿದೆ. ಆಮೇಲೆ ಕಲ್ಲುಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ತಾಯಿ ಮಗು ಇಬ್ಬರಿಗೂ ಸುತ್ತಿದೆ. ಕಾಟಾಚಾರಕ್ಕಲ್ಲ, ಸರಿಯಾಗಿಯೇ. "ನನ್ನ ಬಾಯಿ ದಿಷ್ಟಿ, ನನ್ನ ಕಣ್ಣಿನ ದಿಷ್ಟಿ, ನಾನು ಆಡಿದ ಕೆಟ್ಟ ಮಾತು, ಎಲ್ಲಾ ಸುಟ್ಟು ಹೋಗ್ಲಿ." ಮನಸ್ಸಿನಲ್ಲಿ ಬಿಸ್ಮಿಲ್ಲಾ ಅಂದುಕೊಂಡೆ. ಒಲೆಗೆ ಹಾಕಿದೆ. ಚಟಪಟ ಅಂದಿತು. ಘಾಟು ಬರಲಿಲ್ಲ.

"ನೋಡ್ದ್ಯಾ! ಘಾಟೇ ಇಲ್ಲ. ಎಷ್ಟಿತ್ತು ನೋಡು ದಿಷ್ಟಿ!" ಅಂದಳು ಮುತ್ಯಾಲಮ್ಮ.

"ಹೌದಕ್ಕಾ, ಬೇಕಾದಷ್ಟಿತ್ತು. ಈಗ ಏಳು, ಗಾಡಿ ಬಂತು."

ಬಾಗಿಲಲ್ಲಿದ್ದ ಲತೀಫ್ ನಗು ತಡೆಯಲಾರದೆ ಆ ಕಡೆ ತಿರುಗಿದರು. ನಗಲಿ. ಹುಡುಗಿ ಗಾಡಿ ಹತ್ತಿದಳು, ನನಗೆ ಅಷ್ಟೇ ಬೇಕಿತ್ತು.

ಜೂನ್ 8, ಭಾನುವಾರ. ಮಧ್ಯಾಹ್ನ

ಫಿಟ್ಸ್ ಬಂತು. ನಿನ್ನೆ ಇದನ್ನು ಬರೆದು ಮುಚ್ಚಿಟ್ಟ ಸ್ವಲ್ಪ ಹೊತ್ತಿಗೇ. ನಮ್ಮ ಬೆಡ್ಡಿನಲ್ಲಿ, ನಮ್ಮ ಕೈಯಲ್ಲಿ ಬಂತು. ಇಂಜೆಕ್ಷನ್ ಹೋಗಿತ್ತು, ಆಕ್ಸಿಜನ್ ಇತ್ತು, ಪಕ್ಕಕ್ಕೆ ಹೊರಳಿಸಲು ಸುನಂದ ಇದ್ದಳು. ನಂಗಲಿಯಲ್ಲೇ ಬಂದಿದ್ದರೆ... ಬೇಡ. ಆ ಮಾತು ಇನ್ನು ಪುಸ್ತಕದಲ್ಲೂ ಬರೆಯುವುದಿಲ್ಲ.

ಉಳಿದಿದ್ದಾಳೆ. ಬಿಪಿ ಇಳಿಯುತ್ತಿದೆ. ಆದರೆ ಅವಳು ಅವಳಾಗಿಲ್ಲ. ಕಣ್ಣು ಬಿಡುತ್ತಾಳೆ, ಯಾರನ್ನೂ ಗುರುತಿಸುವುದಿಲ್ಲ. ಮಗುವನ್ನು ಎದೆಗೆ ತಂದರೆ ಮುಖ ತಿರುಗಿಸಿದಳು. ಸ್ಕ್ಯಾನ್ ಆಯಿತು, ಮೆದುಳಲ್ಲಿ ಬಾವು. ಇಳಿದರೆ ಸರಿ ಹೋಗಬಹುದು, ಎಷ್ಟು ದಿನವೋ ಗೊತ್ತಿಲ್ಲ ಅಂದರು ಮೇಡಂ.

ಹೊರಗೆ ಬೆಂಚಿನ ಮೇಲೆ ಮುತ್ಯಾಲಮ್ಮ. ಪಕ್ಕ ಕೂತೆ. "ಮಾತ್ರೆ ನಾನೇ ತೆಗೆದಿಟ್ಟಿದ್ದು ಸಿಸ್ಟರಮ್ಮಾ" ಅಂತ ಅಳುವುದಕ್ಕೆ ಶುರು ಮಾಡಿದಳು. ಇನ್ನೊಂದು ದಿನವಾಗಿದ್ದರೆ ಒಂದು ಗಂಟೆ ಭಾಷಣ ಮಾಡಿರುತ್ತಿದ್ದೆ. "ನೀನು ತೆಗೆದಿಟ್ಟೆ, ನಾನು ಬಾಯಿ ಬಿಟ್ಟೆ. ಈಗ ಇಬ್ಬರೂ ಸೇರಿ ನೋಡ್ಕೊಳ್ಳೋಣ" ಅಂದೆ.

ಸುನಂದ ಕೇಳುತ್ತಾಳೆ, ರಜೆ ದಿನ, ಹಬ್ಬದ ದಿನ, ರಿಟೈರ್ ಆಗೋ ಹೊತ್ತಲ್ಲಿ ಇದೆಲ್ಲ ಯಾಕೆ ಸಿಸ್ಟರ್ ಅಂತ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಮಾತೇನಿಲ್ಲ. ಇಷ್ಟು ವರ್ಷ ನನ್ನ ಮಾತು ಸರಿ ಇದ್ದರೆ ಸಾಕು ಅಂದುಕೊಂಡಿದ್ದೆ. ಸಾಲದು. ಪೇಷಂಟ್ ನಮ್ಮ ಬೆಡ್ಡಿನಲ್ಲಿ ಇರಬೇಕು. ಅದಕ್ಕೆ ಬೈಯಬೇಕಾದರೆ ಬೈಯುತ್ತೇನೆ, ಕಾಲು ಹಿಡಿಯಬೇಕಾದರೆ ಹಿಡಿಯುತ್ತೇನೆ. ಆಗಸ್ಟ್ ತನಕ ಹೀಗೇ. ಆಮೇಲೂ ಯಾರಾದರೂ ಕರೆದರೆ ಹೋಗುತ್ತೇನೆ, ಯಾರು ತಡೆಯುತ್ತಾರೋ ನೋಡೋಣ.

ಈ ಹುಡುಗಿ ವಾಪಸ್ ಬರಬೇಕು. ಬರುವ ತನಕ ಬಿಡುವುದಿಲ್ಲ.

ಜೂನ್ 10, ಮಂಗಳವಾರ. ಬೆಳಿಗ್ಗೆ

ನಿನ್ನೆ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ. ಹೆಸರು ಹಿಡಿದು ಕರೆದೆ, ಮೈ ಒರೆಸಿದೆ, ತಲೆ ಬಾಚಿದೆ, ತಮಿಳುನಾಡಿನಿಂದ ಬಂದ ಕದಿರೇಶನನ್ನು ಪಕ್ಕದಲ್ಲಿ ಕೂರಿಸಿ ಮಾತಾಡು ಅಂದೆ. ಅವನು ಲಾರಿಯ ಕಥೆ, ಊರಿನ ಕಥೆ ಎಲ್ಲ ಹೇಳಿದ. ಅವಳು ಫ್ಯಾನು ನೋಡುತ್ತಿದ್ದಳು. ಅವನು ಹೊರಗೆ ಹೋಗಿ ಅತ್ತ.

ಇವತ್ತು ಬಿಪಿ ಚೆನ್ನಾಗಿದೆ. ಆದರೂ ಅದೇ ನೋಟ. ನಾಳೆ ಬೆಂಗಳೂರಿಗೆ ಕಳಿಸುವ ಮಾತಾಡುತ್ತಿದ್ದಾರೆ ಮೇಡಂ. ಕಳಿಸಿದರೆ ನಾನೂ ಹೋಗುತ್ತೇನೆ. ರಜೆ ಚೀಟಿ ಬರೆದಿಟ್ಟಿದ್ದೇನೆ, ಸಹಿ ಒಂದು ಬಾಕಿ —

ಸುನಂದ ಓಡಿ ಬಂದಳು. ಏದುಸಿರು. ಧನಶ್ರೀ ಕೈಯಿಂದ ಹಾಸಿಗೆ ತಡಕುತ್ತಿದ್ದಾಳಂತೆ, ಪಕ್ಕದಲ್ಲೆಲ್ಲ ಹುಡುಕುತ್ತಿದ್ದಾಳಂತೆ. "ನನ್ ಮಗು ಎಲ್ಲಿ ಅಂತವ್ಳೆ ಸಿಸ್ಟರ್! ಯಾರ್ ಎತ್ಕೊಂಡ್ ಹೋದ್ರಿ ಅಂತ ಜಗಳ ಆಡ್ತವ್ಳೆ!"

ಯಾ ಅಲ್ಲಾ. ಮಗು ಬೆಂಚಿನ ಮೇಲೆ ಅಜ್ಜಿಯ ಮಡಿಲಲ್ಲಿ ಮಲಗಿದೆ. ಎಬ್ಬಿಸಿ, ಎತ್ತಿಕೊಂಡು ಹೋಗಿ, ಅವಳ ಎದೆ ಮೇಲೆ ಮಲಗಿಸಬೇಕು. ಬರೆಯುವುದು ಆಮೇಲೆ.