ಹಸಿದ ನಾಲ್ಕು ಮಡಿಗಳು

ಅಕ್ಕಿಹೆಬ್ಬಾಳು,
೧೪ ಅಕ್ಟೋಬರ್ ೨೦೨೪

ಪ್ರೀತಿಯ ಮೊಮ್ಮಗಳು ಮೇಘನಾ,

ನಿನ್ನ ಕೆಮ್ಮು ನಿಂತಿತೇ? ಧಾರವಾಡದ ಹಾಸ್ಟೆಲಿನ ಊಟ ಈಗಲಾದರೂ ಒಗ್ಗಿದೆಯೇ? ನಿನ್ನಜ್ಜಿ ಬೈರಮ್ಮನ ಮಂಡಿನೋವು ಹಾಗೆಯೇ ಇದೆ. ನಾಲಗೆ ಮಾತ್ರ ಎಂದಿನಂತೆ ಚುರುಕು.

ಸುದ್ದಿ ಒಳ್ಳೆಯದಲ್ಲ, ತಾಯಿ. ನಮ್ಮ ಗದ್ದೆಯಲ್ಲಿ ನೀನು ಹೂಡಿದ್ದ ಪ್ರಯೋಗ ಕೆಟ್ಟಿತು. ಹನ್ನೆರಡು ಮಡಿ, ನಾಲ್ಕಕ್ಕೆ ಪೂರ್ತಿ ಯೂರಿಯಾ, ನಾಲ್ಕಕ್ಕೆ ಅರ್ಧ ಯೂರಿಯಾ ಮತ್ತು ಹಸಿರೆಲೆ ಗೊಬ್ಬರ, ಉಳಿದ ನಾಲ್ಕಕ್ಕೆ ಏನೂ ಇಲ್ಲ. ಆ ಬರಿಯ ನಾಲ್ಕೇ ಉಳಿದೆಲ್ಲಕ್ಕೂ ಅಳತೆಗೋಲು ಎಂದಿದ್ದೆ ನೀನು. ನಾವು ಗೆಲ್ಲಿಸಬೇಕೆಂದಿರುವ ಮಡಿಗಳನ್ನೇ ನೀರು ಚೆನ್ನಾಗಿ ಸಿಗುವ ಕಾಲುವೆಯ ಪಕ್ಕ ಇಟ್ಟು ನಮ್ಮನ್ನೇ ನಾವು ಮೋಸಮಾಡಿಕೊಳ್ಳಬಾರದೆಂದು ಚೀಟಿ ಎತ್ತಿ ನೀನೇ ಜಾಗ ಗೊತ್ತುಮಾಡಿದೆ. ಎಷ್ಟು ಅಚ್ಚುಕಟ್ಟಾದ ಯೋಜನೆ! ಆದರೆ ಬರಿಯ ಮಡಿಗಳಲ್ಲಿ ಎರಡು ರಸ್ತೆಯ ಅಂಚಿಗೇ ಬಿದ್ದವು. ಪೈರು ಹಳದಿಗೆ ತಿರುಗಿದ್ದೇ ತಡ, ಹಾಲಿನ ಡೇರಿಗೆ ಹೋಗುವವರೆಲ್ಲ ನಿಂತು ನೋಡತೊಡಗಿದರು. "ಏನ್ಲಾ ಚಿಕ್ಕಸ್ವಾಮಿ, ಪೈರ್ಗೆ ಕಾಮಾಲೆ ಬಂದದಾ, ಇಲ್ಲ ನಿಂಗೆ ಸೋಮಾರಿತನ ಬಂದದಾ?" ಎಂದು ಡೇರಿಗೆ ಹಾಲು ಹಾಕುವ ಕುಳ್ಳಮ್ಮ ನಿನ್ನ ಸೋದರಮಾವನನ್ನು ದಿನವೂ ಚುಚ್ಚಿದಳು. ಅವನು ವಾರ ತಡೆದ. ಹತ್ತು ದಿನದ ಹಿಂದೆ ನಾನು ಕೆ.ಆರ್. ಪೇಟೆಗೆ ಹೋಗಿದ್ದಾಗ ನಾಲ್ಕಕ್ಕೂ ಯೂರಿಯಾ ಎರಚಿಬಿಟ್ಟ. ಕೂಗಾಡಿದೆ. "ನಿನ್ ಲೆಕ್ಕ ಅಂಗಿರ್ಲಿ ಬುಡಪ್ಪ, ಪೈರು ಹಸ್ಕೊಂಡಿರುವಾಗ ನಾನ್ ಎಂಗ್ ಉಣ್ಣದು?" ಎಂದ. ಈಗ ಹನ್ನೆರಡೂ ಹಸಿರಾಗಿವೆ; ಅವನಿಗೆ ಸಮಾಧಾನ, ನನಗೆ ನಿದ್ದೆಯಿಲ್ಲ. ಮೂವತ್ತು ವರ್ಷ ವಿಜ್ಞಾನ ಕಲಿಸಿದವನ ಕಾವಲಿನಲ್ಲೇ ನಿನ್ನ ಪದವಿಯ ಒಂದು ಹಂಗಾಮು ಹಾಳಾಯಿತಲ್ಲ!

ಬಾಯಿ ಮುಚ್ಚಿಕೊಂಡು ಕೊಯ್ಲಿನ ತೂಕ ಕಳಿಸಬಹುದಿತ್ತು, ಮನಸ್ಸು ಒಪ್ಪಲಿಲ್ಲ. ನಡೆದದ್ದನ್ನು ನಡೆದಂತೆ ನಿನ್ನ ಮಾರ್ಗದರ್ಶಕರಿಗೆ ಬರೆ. ಬೈದರೆ ಬೈಯಲಿ. ಹಸಿರೆಲೆ ಗೊಬ್ಬರವಿದ್ದರೆ ಅರ್ಧ ಯೂರಿಯಾ ಸಾಕೇ ಎಂಬ ನಿನ್ನ ಪ್ರಶ್ನೆ ಒಳ್ಳೆಯದು, ಅದು ಇನ್ನೂ ಉತ್ತರಕ್ಕೆ ಕಾದಿದೆ.

ನಿನಗೆ ಆರೋಗ್ಯವೂ ಎದೆಗಾರಿಕೆಯೂ ಇರಲಿ.

ನಿನ್ನ ತಾತ,
ಸೋಮಯ್ಯ

ಮರೆತಿದ್ದೆ, ಅಲ್ಲ, ಬರೆಯಲು ಹಿಂಜರಿದಿದ್ದೆ: ಆ ಮಡಿಗಳನ್ನು ಏಕೆ ಬರಿದಾಗಿ ಬಿಟ್ಟಿದ್ದೇವೆಂದು ನಾನು ಚಿಕ್ಕಸ್ವಾಮಿಗೆ ಒಮ್ಮೆಯೂ ಹೇಳಿರಲಿಲ್ಲ. "ಮುಟ್ಟಬೇಡ" ಎಂದಿದ್ದೆ, ಅಷ್ಟೇ. ಉಳುವವನು, ನೀರು ಕಟ್ಟುವವನು ಅವನು; ನಮ್ಮ ಯೋಜನೆಯಲ್ಲಿ ಅವನೇ ಇರಲಿಲ್ಲ. ದೀಪಾವಳಿಗೆ ಬಂದವಳು ಮೊದಲು ಅವನ ಜೊತೆ ಬದುವಿನ ಮೇಲೆ ಕೂತು ಎಲ್ಲ ವಿವರಿಸು. ಬೇಸಿಗೆ ಬೆಳೆಯ ಚೀಟಿಗಳನ್ನು ಅವನೇ ಎತ್ತಲಿ. ಹಾಳೆ, ಪೆನ್ಸಿಲ್ ತೆಗೆದಿಟ್ಟಿದ್ದೇನೆ. ಬೇಗ ಬಾ, ಶುರು ಮಾಡೋಣ.